ದಂಡ ಹಾಕದೆ ಉಂಡು ಬರುತ್ತಿದ್ದ ನೆಗೆಣ್ಣಿ

ನನ್ನ ನೆಗೆಣ್ಣಿಯ ಎಡಗೈಗೆ ಆರು ಬೆರಳು. ಹೆಬ್ಬೆರಳಿನ ಪಕ್ಕದಲ್ಲಿದ್ದ ಆ ಪುಟ್ಟ ಬೆರಳಿಗೂ ಉಗುರಿತ್ತು, ಹಬ್ಬ ಬಂದರೆ ಅದಕ್ಕೂ ಮದರಂಗಿ ಹಚ್ಚುತ್ತಿದ್ದಳು. ನಾನು ಮದುವೆಯಾಗಿ ಬಂದ ದಿನ ಅತ್ತೆ ಆ ಕೈಯನ್ನೇ ಹಿಡಿದೆತ್ತಿ, "ನೋಡವಾ, ಈಕಿ ಕಾಲಿಟ್ಟಮ್ಯಾಲೇ ನಮ್ಮ ಮನಿಗೆ ಕಳಾ ಬಂದದ್ದು" ಎಂದಿದ್ದರು. ದೇವರು ಬೆರಳು ಹಂಚುವಾಗಲೂ ಅವಳಿಗೇ ಒಂದು ಹೆಚ್ಚು ಕೊಟ್ಟನಲ್ಲ ಎಂದು ನನಗೆ ಅಂದೇ ಅನ್ನಿಸಿತ್ತು.

ಅವಳು ಅಣ್ಣನ ಹೆಂಡತಿ, ನಾನು ತಮ್ಮನ ಹೆಂಡತಿ. ಒಂದೇ ಅಂಗಳ, ಎರಡು ಒಲೆ. ಊರಿಗೆಲ್ಲ ಅವಳು ದೊಡ್ಡಕ್ಕ. ನಾನು 'ದೊಡ್ಡಕ್ಕನ ನೆಗೆಣ್ಣಿ'. ನನಗೂ ಒಂದು ಹೆಸರಿದೆ ಎಂಬುದು ರೇಷನ್ ಅಂಗಡಿಯವನಿಗೆ ಮಾತ್ರ ಗೊತ್ತಿತ್ತು.

ನಮ್ಮೂರು ಹಿರೇಬೆಂಡಿಗೇರಿಯಿಂದ ಆಚೆ. ಊರ ಹಿಂದಿನ ಗುಡ್ಡ ಯಾರೊಬ್ಬರ ಸ್ವಂತದ್ದೂ ಅಲ್ಲ, ಇಡೀ ಊರಿನದು. ಎಲ್ಲರದೂ ಎಂದಮೇಲೆ ಯಾರದೂ ಅಲ್ಲ ಎನ್ನುವಂತೆ ಕಡಿದು, ಮೇಯಿಸಿ, ಅದನ್ನು ಬೋಳು ಮಾಡಿಟ್ಟಿದ್ದೆವು. ಕಾಯುವುದಕ್ಕೊಂದು ಸಮಿತಿ ಆಗಬೇಕೆಂದು ಮನೆಮನೆಗೆ ತಿರುಗಿ ಮಾತಾಡಿದವಳು ನಾನು. ಅಧ್ಯಕ್ಷೆ ಆಗಬೇಕೆಂಬ ಆಸೆಯೂ ನನಗೆ ಬಲವಾಗಿತ್ತು. ಸಭೆಗೆ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕುಳಿತೆ. ನೆಗೆಣ್ಣಿ ಬಂದಿರಲೇ ಇಲ್ಲ, ಮನೆಯಲ್ಲಿ ಮೆಣಸಿನಕಾಯಿ ಭಜಿ ಕರಿಯುತ್ತಿದ್ದಳು. ಹಿಂದಿನಿಂದ ಯಾರೋ "ದೊಡ್ಡಕ್ಕ ಆಗ್ಲಿ ಬಿಡ್ರಿ" ಎಂದರು, ಚಪ್ಪಾಳೆ ಬಿತ್ತು. ನನ್ನನ್ನು ಕಾರ್ಯದರ್ಶಿ ಮಾಡಿ, ಅವಳನ್ನು ಕರೆತರಲು ನನ್ನನ್ನೇ ಅಟ್ಟಿದರು. ಅವಳು ಹಿಟ್ಟು ಮೆತ್ತಿದ ಕೈಯಲ್ಲೇ ಬಂದು ಕುರ್ಚಿಯಲ್ಲಿ ಕುಳಿತಳು.

ಹಸಿ ಮರ ಕಡಿದವರಿಗೆ, ಎಳೆ ಸಸಿಗಳ ನಡುವೆ ಕುರಿ ಬಿಟ್ಟವರಿಗೆ ದಂಡ ಹಾಕಬೇಕೆಂದು ನಾನು ಹಟ ಹಿಡಿದೆ. ಅವಳು ಸವಣೂರಿನ ಎಲೆಗೆ ಸುಣ್ಣ ಸವರುತ್ತ ಕೇಳಿಸಿಕೊಂಡಳು. "ದಂಡ ಹಾಕಿದ್ರ ಕೊಟ್ಟು ಮರತಬಿಡ್ತಾರ. ಮನಿಗೆ ಹೋಗಿ ಉಂಡು ಬಂದ್ರ ನೆನಪಿಡ್ತಾರ" ಎಂದಳು. ನನಗೆ ತಲೆಬುಡ ತಿಳಿಯಲಿಲ್ಲ.

ಮುಂದೆ ಕಣ್ಣಾರೆ ಕಂಡೆ. ಊರಿನ ದೊಡ್ಡ ಹೊಲದ ಯಜಮಾನ ಹೊಸ ಬಾಗಿಲ ಚೌಕಟ್ಟಿಗೆಂದು ಗುಡ್ಡದ ಮತ್ತಿ ಮರ ಉರುಳಿಸಿದ್ದ. ಮರುದಿನ ಊಟದ ಹೊತ್ತಿಗೆ ನೆಗೆಣ್ಣಿ ನನ್ನನ್ನೂ ಕರೆದುಕೊಂಡು ಅವನ ಮನೆಗೆ ಹೋದಳು. "ಹಸಿವ್ಯಾಗೇತಿ, ರೊಟ್ಟಿ ಹಾಕ್ರಿ" ಎಂದು ಕುಳಿತಳು. ಬದನೆಕಾಯಿ ಪಲ್ಯ ಹೊಗಳಿದಳು, ಶೇಂಗಾ ಚಟ್ನಿ ಎರಡು ಸಲ ಹಾಕಿಸಿಕೊಂಡಳು, ಎಮ್ಮೆ ಈದ ಸುದ್ದಿ ವಿಚಾರಿಸಿದಳು. ಮರದ ಮಾತೇ ಇಲ್ಲ. ಯಜಮಾನ ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದ. ನಾವು ಹೊರಟಾಗ ಹೊಸ್ತಿಲಿಗೆ ಅಡ್ಡ ನಿಂತ.

"ಯವ್ವಾ, ಬೈಯೂದಾದ್ರ ಬೈಯವಾ. ಹಿಂಗ ಸುಮ್ಮನ ಉಂಡು ಹೋಗಬ್ಯಾಡ."

"ಯಾಕಪಾ, ಊಟ ಚಲೋ ಇತ್ತಲಾ?" ಎಂದು ಅವಳು ಬಾಯಿ ಒರೆಸಿಕೊಂಡು ಬಂದಳು. ಅವನು ಮತ್ತೆ ಕೊಡಲಿ ಹಿಡಿದು ಗುಡ್ಡ ಹತ್ತಲಿಲ್ಲ.

ಇದೇನು ಬ್ರಹ್ಮವಿದ್ಯೆಯೇ ಎಂದು ನಾನೂ ಒಮ್ಮೆ ಹೋದೆ, ಕುರಿ ಬಿಟ್ಟಿದ್ದ ಒಬ್ಬಳ ಮನೆಗೆ. ಬಿಗುವಾಗಿ ಕುಳಿತು ಒಂದು ರೊಟ್ಟಿ ತಿಂದೆ. ಅವಳು ನನ್ನ ಮುಖವನ್ನೇ ನೋಡಿ, "ಯಾಕ್ರೀ ಅಕ್ಕಾರ, ಮನ್ಯಾಗ ಗ್ಯಾಸ್ ತೀರೈತೇನ್ರಿ?" ಎಂದು ಕೇಳಿ, ಪಾಪ, ಡಬ್ಬಿ ತುಂಬ ಪಲ್ಯ ಕಟ್ಟಿಕೊಟ್ಟಳು. ಮರುದಿನವೂ ಅವಳ ಕುರಿಗಳು ಗುಡ್ಡದ ಮೇಲೇ ಇದ್ದವು. ಕೊನೆಗೆ ನೆಗೆಣ್ಣಿಯೇ ಹೋಗಿ ಉಂಡು ಬರಬೇಕಾಯಿತು.

ಕೆಲವು ಮಳೆಗಾಲ ಕಳೆದು ಗುಡ್ಡ ಹಸಿರಾಯಿತು. ಕವಳಿ ಹಣ್ಣು, ಸೀತಾಫಲ ಬಿಡತೊಡಗಿದವು. ಶಿಗ್ಗಾಂವ, ಸವಣೂರಿನ ಜನ ಭಾನುವಾರ ಗುಡ್ಡ ಸುತ್ತಲು ಬಂದು ಪೊದೆಗಳಲ್ಲಿ ದಾರಿ ತಪ್ಪುತ್ತಿದ್ದರು. ಅವರಿಗೊಂದು ಕಾಲುದಾರಿ ಮಾಡಿ, ಉದ್ದಕ್ಕೂ ಗುರುತಿನ ಕಲ್ಲು ನಿಲ್ಲಿಸಿದೆವು. ನೀಲಿ ಎಣ್ಣೆಬಣ್ಣ ಹಚ್ಚೋಣ ಎಂದೆ. ನೆಗೆಣ್ಣಿ ಕೇಳದೆ ಮನೆಯಲ್ಲಿದ್ದ ಸುಣ್ಣ ಮತ್ತು ಕೆಮ್ಮಣ್ಣನ್ನೇ ಕಲಸಿ, ಬಿಳಿ ಕೆಂಪು ಪಟ್ಟೆ ಎಳೆಸಿದಳು. ಗುಡಿಯ ಗೋಡೆಗೆ ಬಳಿಯುವ ಪಟ್ಟೆ ಅದೇ ಎಂದು ಅವಳ ತಲೆಗೆ ಹೊಳೆಯಲೇ ಇಲ್ಲ.

ತಿಂಗಳೊಪ್ಪತ್ತಿನಲ್ಲಿ ಮೊದಲ ಕಲ್ಲಿಗೆ ಕುಂಕುಮ ಬಿತ್ತು. ಆಮೇಲೆ ಲಿಂಬೆಹಣ್ಣು, ಬಳೆ, ಒಡೆದ ಕಾಯಿ. ಸುತ್ತಾಡಲು ಬಂದವರು ಕಲ್ಲುಕಲ್ಲಿಗೂ ಚಪ್ಪಲಿ ಬಿಟ್ಟು ಕೈಮುಗಿಯುವುದರಲ್ಲಿ, ಅರ್ಧ ಗುಡ್ಡಕ್ಕೇ ಮಧ್ಯಾಹ್ನವಾಗುತ್ತಿತ್ತು. ತಿರುವಿನ ಕಲ್ಲಿನ ಹತ್ತಿರ ಯಾರೋ ಕೂಸಿನ ಜವಳವನ್ನೂ ತೆಗೆಸಿದರು. ನೆಗೆಣ್ಣಿ ತಲೆಯ ಮೇಲೆ ಕೈಹೊತ್ತು, "ಕೆಟ್ಟೆ ನೋಡವಾ, ನೀ ಹೇಳಿದ್ದು ಕೇಳಬೇಕಿತ್ತು" ಎಂದಳು. ನನಗೆ ಸ್ವರ್ಗ ಮೂರೇ ಗೇಣು. ಆ ಮಾತನ್ನು ಬಾವಿಕಟ್ಟೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದೆ.

ನನ್ನ ಸಂಭ್ರಮ ಬಹಳ ದಿನ ಬಾಳಲಿಲ್ಲ. ದೇವರ ಕಲ್ಲಿರುವ ದಾರಿ ಎಂದು ಯಾರೂ ಅಲ್ಲಿ ಬಾಟಲಿ ಒಡೆಯಲಿಲ್ಲ, ಚೊಂಬು ಹಿಡಿದು ಅತ್ತ ಹೋಗಲಿಲ್ಲ, ಆಸುಪಾಸಿನ ಒಂದು ಟೊಂಗೆಯನ್ನೂ ಮುರಿಯಲಿಲ್ಲ. ಹಾನಗಲ್ಲಿನಿಂದ, ಹಿರೇಕೆರೂರಿನಿಂದ ಬೇರೆ ಊರಿನ ಸಮಿತಿಯವರು ನೋಡಲು ಬಂದರು. ಎಂಥಾ ಯುಕ್ತಿ ಮಾಡೀರಿ ಎಂದು ಅವಳನ್ನು ಕಲ್ಲಿನ ಪಕ್ಕ ನಿಲ್ಲಿಸಿ ಫೋಟೋ ಹೊಡೆದುಕೊಂಡರು. "ಯುಕ್ತಿ ಏನಿಲ್ರೀ, ಹಂಗ ಆತು" ಎಂದು ಅವಳು ನಕ್ಕಳು. ಜನ ಅದನ್ನೂ ದೊಡ್ಡಗುಣ ಅಂದುಕೊಂಡರು. ನಾನು ತಪ್ಪಿದರೆ ತಪ್ಪು, ಅವಳು ತಪ್ಪಿದರೆ ಅದಕ್ಕೂ ಹಣ್ಣು ಬಿಡುತ್ತಿತ್ತು. ಅವತ್ತು ಮನೆಗೆ ಬಂದು ಪಾತ್ರೆಗಳನ್ನು ಸದ್ದು ಮಾಡಿ ತೊಳೆದೆ.

ಹೋದ ವರ್ಷ ಅವಳ ಹೊಟ್ಟೆಯೊಳಗೆ ಗಂಟು ಕಾಣಿಸಿಕೊಂಡಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಪಕ್ಕದಲ್ಲಿದ್ದವಳು ನಾನು. ಊರೆಲ್ಲ ಉಂಡವಳಿಗೆ ಗಂಜಿಯೂ ಸೇರುತ್ತಿರಲಿಲ್ಲ. ಒಂದು ಮಧ್ಯಾಹ್ನ ಚಮಚ ಸರಿಸಿ, "ನಾ ಹೋದಮ್ಯಾಲೆ ಖುರ್ಚಿ ನಿಂದ ಐತಿ ಬಿಡು. ಭಾಳ ವರ್ಷದ ಆಸೆ ನಿಂದು" ಎಂದಳು.

ನನಗೆ ಮೈಯೆಲ್ಲ ಉರಿಯಿತು. "ಗೊತ್ತಿತ್ತಲಾ ನಿನಗ? ಮತ್ತ ಯಾಕ ಬಿಟ್ಟುಕೊಡಲಿಲ್ಲ?"

"ಯಾಕ ಕೊಡಬೇಕಿತ್ತು? ನನಗೂ ಅದು ಭಾಳ ಸೇರತಿತ್ತು."

ಹೇಳಿ ನಕ್ಕಳು, ನಕ್ಕರೆ ನೋವಾಗಿ ಹೊಟ್ಟೆ ಹಿಡಿದುಕೊಂಡಳು. ನನಗೂ ನಗು ತಡೆಯಲಿಲ್ಲ. ಅಷ್ಟು ವರ್ಷಗಳಲ್ಲಿ ಅವಳ ಮೇಲೆ ನನಗೆ ಪ್ರೀತಿ ಉಕ್ಕಿದ್ದು ಆಗಲೇ ಇರಬೇಕು.

ಸುಗ್ಗಿ ಮುಗಿಯುವ ಹೊತ್ತಿಗೆ ಅವಳು ಹೋದಳು. ನಮ್ಮಲ್ಲಿ ಮಣ್ಣು ಮಾಡಿ ಬಂದ ದಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಬೀಗರು ನೆರೆಯವರು ಬುತ್ತಿ ತರುತ್ತಾರೆ. ಎರಡು ಮೂರು ಮನೆಗಳಿಂದ ಬರುವುದು ವಾಡಿಕೆ. ಅವತ್ತು ಅವಳು ಉಂಡು ಬಂದಿದ್ದ ಮನೆಗಳೆಲ್ಲ ಬಂದವು. ಮರ ಕಡಿದವರು, ಕುರಿ ಬಿಟ್ಟವರು, ಕವಳಿ ಹಣ್ಣಿಗೆ ಪೊದೆಯನ್ನೇ ಸವರಿದವರು, ಒಬ್ಬೊಬ್ಬರೂ ಬುಟ್ಟಿ ಇಳಿಸಿ ಸುಮ್ಮನೆ ಗೋಡೆಗೆ ಆನಿಕೊಂಡು ನಿಂತರು. ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಆ ರೊಟ್ಟಿಯ ರಾಶಿ ನೋಡಿ ನನಗೆ ಅಳುವಿಗಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು. ನಾನು ಸತ್ತ ದಿನ ಎಷ್ಟು ಬುಟ್ಟಿ ಬಂದಾವು ಎಂದು ಮನಸ್ಸು ಲೆಕ್ಕ ಹಾಕಿತು.

ದೊಡ್ಡ ಹೊಲದ ಯಜಮಾನ ತಾನೇ ತಂದ ಬುತ್ತಿ ಬಿಚ್ಚಿ ನನ್ನ ತಟ್ಟೆಗೆ ರೊಟ್ಟಿ ಹಾಕಿದ, ಬದನೆಕಾಯಿ ಪಲ್ಯ ಹಾಕಿದ. ಉಣ್ರಿ ಎಂದವನು ಕಂಬಕ್ಕೆ ಒರಗಿ ಕುಳಿತ.

"ಇನ್ನ ಊಟದ ಹೊತ್ತಿಗೆ ನಮ್ಮ ಬಾಗಲಕ್ಕ ಯಾರು ಬರ್ತಾರ್ರೀ?" ಎಂದು ಕೇಳಿ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

ನಾನು ಅವನ ಎದುರಿಗೇ ಕುಳಿತಿದ್ದೆ.