ಶಿರಕಾವಾದ ಅಟ್ಟದಲ್ಲಿ ಹಣ್ಣಾದ ಹುಳು

ಅತ್ತೆಯನ್ನು ಊರಿಗೆ ಬಿಡಲು ನ್ಯೂಜೆರ್ಸಿಯಿಂದ ಹೊರಟವರು ದಾರಿಯಲ್ಲಿ ಜಪಾನಿನ ಈ ಬೆಟ್ಟದ ಹಳ್ಳಿ ಶಿರಕಾವಾದಲ್ಲಿ ಇಳಿದಿದ್ದೇವೆ. ಕಡಿದಾದ ಹುಲ್ಲಿನ ಸೂರಿನ ಹಳೆಯ ಮನೆಯೊಂದರ ಅಟ್ಟದಲ್ಲಿ ಇನ್ನೂ ರೇಷ್ಮೆಹುಳು ಸಾಕುತ್ತಾರೆಂದು ಗೈಡ್ ಹೇಳಿದ. ಏನನ್ನೂ ಮುಟ್ಟಬಾರದೆಂದೂ ಹೇಳಿದ.

ಅತ್ತೆ ಏಣಿಯ ಬುಡದಲ್ಲೇ ನಿಂತರು. "ಕೈ ತೊಳೀದೆ ಹುಳದ ಮನೆಗೆ ಹೋಗ್ತಾರೇನೇ?" ಎಂದು ನನ್ನನ್ನೂ ಮಗಳನ್ನೂ ಅಂಗಳದ ನೀರಿನ ತೊಟ್ಟಿಗೆ ಎಳೆದೊಯ್ದರು. ರಾಮನಗರದ ಅವರ ತವರಿನಲ್ಲಿ ಮನೆತುಂಬ ರೇಷ್ಮೆಹುಳು ಸಾಕಣೆಯೇ.

ಅಟ್ಟದಲ್ಲಿ ಮನೆಯ ಮುದುಕಿ ಬಿದಿರಿನ ತಟ್ಟೆಯ ಮುಂದೆ ಕೂತಿದ್ದಳು. ಅತ್ತೆ ಸೀದಾ ಬಗ್ಗಿ, ಒಂದು ಹುಳುವನ್ನೆತ್ತಿ ಬೆಳಕಿಗೆ ಹಿಡಿದರು.

"ಅಜ್ಜಿ, ಡೋಂಟ್ ಟಚ್!" ಎಂದಳು ಮಗಳು.

"ಹಣ್ಣಾಗಿದೆ ಕಣಮ್ಮ, ಇನ್ನು ಗೂಡು ಕಟ್ಟೋಕೆ ಬಿಡು," ಎಂದು ಅತ್ತೆ ಆ ಮುದುಕಿಗೆ ಕನ್ನಡದಲ್ಲೇ ಹೇಳಿದರು.

ಅವಳು ಹುಳುವನ್ನೂ ಅತ್ತೆಯನ್ನೂ ನೋಡಿದಳು. ನಕ್ಕು, ಚಾಪೆಯ ಮೇಲೆ ಸರಿದು ಜಾಗ ಕೊಟ್ಟಳು. ಇಬ್ಬರೂ ಹಣ್ಣಾದ ಹುಳುಗಳನ್ನು ಆರಿಸತೊಡಗಿದರು. ನ್ಯೂಜೆರ್ಸಿಯ ಓಲ್ಡ್ ಬ್ರಿಡ್ಜ್‌ನ ನಮ್ಮ ಮನೆಯಲ್ಲಿ ಚಳಿಗಾಲವಿಡೀ ಕಿಟಕಿಯ ಪಕ್ಕ ಸುಮ್ಮನೆ ಕೂತಿದ್ದ ಅತ್ತೆ ಇಲ್ಲಿ ಬಾಯಿ ಮುಚ್ಚಲೇ ಇಲ್ಲ.

ಅಷ್ಟರಲ್ಲಿ ಅಟ್ಟ ಹತ್ತಿ ಬಂದ ಅಮೆರಿಕನ್ ಪ್ರವಾಸಿಯೊಬ್ಬ ಕ್ಯಾಮೆರಾಕ್ಕೆ ರೀಲು ಹಾಕುತ್ತ, ಹುಳು ಆರಿಸುತ್ತಿದ್ದ ಇಬ್ಬರೂ ಈ ಮನೆಯವರೇ ಎಂದು ವಿಚಾರಿಸಿದ.

ಸೀರೆಯುಟ್ಟು ಸ್ಕೂಲ್ ಬಸ್ಸಿನ ಹತ್ತಿರ ಬರಬೇಡವೆಂದು ಅಜ್ಜಿಯ ಮೇಲೆ ರೇಗುತ್ತಿದ್ದ ನನ್ನ ಮಗಳು ಅವನ ಮುಂದೆ ಹೋಗಿ ನಿಂತಳು.

"ನೋ. ಸೀರೆ ಉಟ್ಟಿರೋರು ಮೈ ಅಜ್ಜಿ!"