ಮಸ್ಕಿಯಲ್ಲಿ ನಾನು ಸಾರಿದ ಲೋಕಾಂತ್ಯ

ನಿಜಾಮರ ರಾಜ್ಯ ಹೋಗಿ ನಾಲ್ಕೈದು ವರ್ಷವಾಗಿದ್ದರೂ ಲಿಂಗಸುಗೂರಿನ ಬಸ್ಸಿನಲ್ಲಿ ಇನ್ನೂ ಅವರ ಹಾಲಿ ಸಿಕ್ಕಾ ನಾಣ್ಯವೇ ನಡೆಯುತ್ತಿತ್ತು. ಮಸ್ಕಿಗೆ ಹದಿನೇಳು ಮೈಲಿ, ಆಳಿಗೆ ಹತ್ತಾಣೆ. ಭಾದ್ರಪದದ ಕೊನೆ, ಹೊಲಗಳನ್ನು ಹರಗಿ ಹಿಂಗಾರಿ ಜೋಳಕ್ಕೆ ಸಿದ್ಧ ಮಾಡಿಟ್ಟಿದ್ದರು. ನನ್ನ ಜೊತೆಗಿದ್ದವರು ಉಪದೇಶಿ ಸಮುವೇಲಪ್ಪನವರು. ಊರೂರಿನ ಕ್ರೈಸ್ತ ಮನೆಗಳಲ್ಲಿ ಸತ್ಯವೇದ ಓದಿ ಅರ್ಥ ಹೇಳುವುದು ಅವರ ಕೆಲಸ. ಚಿತ್ರಪಟದ ಸುರುಳಿ ಹೊರುವುದು, ಹಾಡುವುದು ನನ್ನದು. ಆದರೆ ಹಾಡಿಗಿಂತ ಅಣಕಕ್ಕೇ ನಾನು ಹೆಸರಾಗಿದ್ದೆ. ತಹಸೀಲ್ದಾರರ ಮೂಗಿನ ಉರ್ದು, ನಮ್ಮವ್ವನ ಗೊರಕೆ, ಯಾವುದನ್ನೂ ಬಿಟ್ಟಿರಲಿಲ್ಲ. ಕನ್ನಡಿ ಮುಂದೆ ನನ್ನನ್ನೇ ಅಣಕಿಸಿಕೊಂಡರೆ ಮಾತ್ರ ಮೂಲದಷ್ಟೇ ಕೆಟ್ಟದಾಗಿ ಬರುತ್ತಿತ್ತು.

"ಲೇ, ಉಪದೇಶ್ಯಾರ ಕೆಮ್ಮು ಕೆಮ್ಮು ನೋಡೂಣು," ಎಂದ ಕಂಡಕ್ಟರ್, ಅವರೆದುರಿಗೇ.

ದೊಡ್ಡ ಮಾತು ಹೇಳುವ ಮೊದಲು ಅವರು ಗಿಡ್ಡ ಎರಡು, ಉದ್ದ ಒಂದು ಕೆಮ್ಮುತ್ತಿದ್ದರು. ಕೆಮ್ಮಿ ತೋರಿಸಿದೆ. ಬಸ್ಸೆಲ್ಲ ನಕ್ಕಿತು. "ನನಗಿಂತ ನೀನ ಛಲೋ ಕೆಮ್ಮತೀಯಪಾ," ಎಂದು ಅವರೂ ನಕ್ಕರು.

ಮಸ್ಕಿಯಲ್ಲಿ ನಾವು ಇಳಿದದ್ದು ರೂತಮ್ಮನ ಮನೆಯಲ್ಲಿ. ಗಂಡ ತೀರಿದ ಮೇಲೆ ಎರಡೆಕರೆ ಎರೆಹೊಲವನ್ನು ಒಬ್ಬಳೇ ಮಾಡಿಕೊಂಡಿದ್ದ ಹೆಂಗಸು. ಸಂಜೆ ಅವಳ ಅಂಗಳದಲ್ಲಿ ಪಟ ಬಿಚ್ಚಿದೆವು: ಚಿನ್ನದ ತಲೆ, ಕಬ್ಬಿಣದ ಕಾಲು, ಮಣ್ಣು ಬೆರೆತ ಪಾದದ ದೊಡ್ಡ ಪ್ರತಿಮೆ. ಉಪದೇಶಿಗಳು ಕೋಲಿನಿಂದ ಪಾದ ಮುಟ್ಟಿ, ರಾಜ್ಯಗಳು ಹೀಗೆ ಒಂದೊಂದಾಗಿ ಬೀಳುತ್ತವೆ, ಕೊನೆಗೆ ದೇವರ ರಾಜ್ಯ ಬರುತ್ತದೆ ಎಂದರು. ಒಂದು ರಾಜ್ಯ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದ ಜನ ತಲೆಯಾಡಿಸಿದರು.

"ಆ ಕಡೀ ದಿನ ಯಾವಾಗ್ರೀ ಅಯ್ನೋರೆ?" ಎಂದಳು ರೂತಮ್ಮ.

ಗಿಡ್ಡ ಎರಡು, ಉದ್ದ ಒಂದು. "ಅದು ಪರಲೋಕದ ತಂದಿಗಷ್ಟ ಗೊತ್ತವ್ವ. ಇಂಥಾ ದಿನ ಅಂತ ಹೇಳಾಂವ ಸುಳ್ಳಾ. ನೀವು ನಿಮ್ಮ ಹೊಲಾ ಬಿತ್ತಿಕೋತ ಇರ್ರಿ."

ಅಷ್ಟು ದೊಡ್ಡ ಪ್ರತಿಮೆ ಬೀಳಿಸಿ ಇಷ್ಟು ಸಪ್ಪೆ ಉತ್ತರವೇ ಎನ್ನಿಸಿತು ನನಗೆ.

ಮರುದಿನ ಬೆಳಿಗ್ಗೆ ಅವರು ಹಳ್ಳಕ್ಕೆ ಸ್ನಾನಕ್ಕೆ ಹೋದಾಗ ಓಣಿಯ ಹುಡುಗರು ನನ್ನನ್ನು ರೂತಮ್ಮನ ಮನೆಯ ಗೋಡೆಯ ಹಿಂದೆ ಹಿಡಿದರು. "ಅಯ್ನೋರಂತೂ ಹೇಳಲಿಲ್ಲ, ನೀನರ ಹೇಳಲೇ!" ನಾನು ಕೆಮ್ಮಿದೆ. ಅವರಂತೆಯೇ ದನಿ ತಗ್ಗಿಸಿದೆ. "ಈ ಸಲ ಹಿಂಗಾರಿ ಬಿತ್ತಿಗಿ ಆಗೂದಿಲ್ಲ! ಅಷ್ಟರೊಳಗ ಆಕಾಶ ಚಾಪಿ ಸುತ್ತಿದಂಗ ಸುತ್ತತೈತಿ!" ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗೋಡೆಯಾಚೆ ಬೀಸುಕಲ್ಲಿನ ಸದ್ದು ನಿಂತಿತು. ನನ್ನ ಕಲೆಗೆ ಬೀಸುಕಲ್ಲೂ ಮರುಳಾಯಿತೆಂದು ಬೀಗಿದೆ.

ಅಂದೇ ಸಿಂಧನೂರಿಗೆ ಹೋದೆವು. ಕಾಲುವೆ ತೋಡುವ ಕೆಲಸ ನಡೆದಿತ್ತು. ದಾರಿಯುದ್ದಕ್ಕೂ ಅಳತೆಯ ಕಲ್ಲು, ತೆಲುಗು ಮಾತಾಡುವ ಕೂಲಿಗಳು, ಮಣ್ಣಿನ ಗುಡ್ಡೆ. ಚಹಾದಂಗಡಿಯಲ್ಲಿ ಒಬ್ಬ ರೈತ ಕೇಳಿದ: "ನೀರು ಬಂದ್ರ ಜ್ವಾಳ ಹೋಗಿ ನೆಲ್ಲು ಬರತೈತಂತ. ಇದೂ ನಿಮ್ಮ ಪಟದಾಗ ಐತೇನ್ರೀ?" ಉಪದೇಶಿಗಳು ಚಹಾ ಊದುತ್ತ, "ಎಲ್ಲಾದನ್ನೂ ಪಟದಾಗ ಹುಡುಕಬ್ಯಾಡ್ರಿ," ಎಂದರು. ಅದನ್ನೂ ಆ ರಾತ್ರಿಯೇ ಅಣಕಿಸಿದೆ.

ಮೂರನೆಯ ದಿನ ಮಧ್ಯಾಹ್ನ ಮರಳಿ ಮಸ್ಕಿ. ರೂತಮ್ಮನ ಮನೆಯಲ್ಲಿ ಓಣಿಯ ಮಕ್ಕಳೆಲ್ಲ ಊಟಕ್ಕೆ ಕೂತಿದ್ದರು. ಬಿಸಿ ರೊಟ್ಟಿ, ಪುಂಡಿಪಲ್ಯ, ಹಸಿಮೆಣಸಿನ ಚಟ್ನಿ. ನಾನು ಆರು ರೊಟ್ಟಿ ಇಳಿಸಿದೆ.

"ಯವ್ವಾ, ಇಂಥಾ ಜ್ವಾಳ ನಮ್ಮೂರಾಗ ಸಿಗಂಗಿಲ್ಲ!"

"ತಿನ್ನಪಾ. ಇನ್ನ ಯಾರಿಗಿಡಬೇಕು?"

ಉಪದೇಶಿಗಳ ಕೈ ತಾಟಿನಲ್ಲೇ ನಿಂತಿತು. ಮೂಲೆಯಲ್ಲಿ ಬೂದಿ, ಒಣಗಿದ ಬೇವಿನೆಲೆ ಸುರಿದಿತ್ತು. ಪಕ್ಕದಲ್ಲಿ ಬೋರಲು ಹಾಕಿದ ಗಡಿಗೆ. ಹುಳು ಹತ್ತದಂತೆ ಬೂದಿ ಬೇವು ಬೆರೆಸಿ ಇಡುವುದು ಬಿತ್ತುವ ಕಾಳನ್ನು ಮಾತ್ರ.

"ಬೀಜದ ಜ್ವಾಳ ಬೀಸೀಯೇನವ್ವಾ?"

"ಹೌದ್ರೀ. ಬಿತ್ತಿಗಿ ಆಗೂದಿಲ್ಲಂತ ನೀವ ಹೇಳಿದ್ರಲ್ರೀ. ಬೀಸಾಕ ಕುಂತಿದ್ದೆ, ಗ್ವಾಡಿ ಹಿಂದ ನಿಮ್ಮ ದನಿ ಕೇಳ್ತು. ನಾಕು ಮಂದಿಗೆ ಉಣಿಸಿ ಹೋಗೂಣಂತ..."

ಅವರು ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಅರ್ಧ ರೊಟ್ಟಿ ಇನ್ನೂ ನನ್ನ ಕೈಯಲ್ಲಿತ್ತು.

"ಅದು ನಾನವ್ವಾ," ಎಂದೆ.

ಅವಳು ನಂಬಲಿಲ್ಲ. ಕೆಮ್ಮಿ ತೋರಿಸಬೇಕಾಯಿತು. ಗಿಡ್ಡ ಎರಡು, ಉದ್ದ ಒಂದು. ಮಕ್ಕಳು ನಕ್ಕವು. ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಎಂದೂ ಕೆಮ್ಮಿರಲಿಲ್ಲ.

ರೂತಮ್ಮ ಬಾಗಿಲಾಚೆ ಮೋಡ ನೋಡುತ್ತ ನಿಂತಳು. "ಹಂಗಾರ ಮಳಿ ಬರತೈತಿ," ಎಂದಳು, ಬಹಳ ಮೆಲ್ಲಗೆ.

ಉಪದೇಶಿಗಳು ಕೈ ತೊಳೆದು ಹೆಗಲ ಶಾಲು ತೆಗೆದರು. "ನಡೀವ್ವಾ. ಮನಿಗೊಂದು ಬೊಗಸಿ ಕೇಳೂಣು."

"ನಾನೂ ಬರತೀನ್ರೀ."

"ಬ್ಯಾಡ. ನಿನ್ನ ಕಂಡ್ರ ಜನ ನಗತಾರ. ಬೀಜ ಕೇಳಾಕ ಹೋದಾಗ ನಗಬಾರದು. ನೀ ಊರಿಗೆ ಹೋಗು."

ಬೈದಿದ್ದರೆ ಆ ಬೈಗುಳವನ್ನೂ ಎಲ್ಲೋ ಅಣಕಿಸಿ ತೀರಿಸಿಕೊಳ್ಳುತ್ತಿದ್ದೆನೇನೋ. ರೂತಮ್ಮ ಹೊರಡುವಾಗ ಉಳಿದ ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗಿಟ್ಟಳು. "ಹಾದ್ಯಾಗ ಹಸಿವಾಗತೈತಿ," ಎಂದಳಷ್ಟೆ.

ಬಸ್ಸಿನಲ್ಲಿ ಅದೇ ಕಂಡಕ್ಟರ್. "ಉಪದೇಶ್ಯಾರೆಲ್ಲಲೇ? ಹೋಗಲಿ, ಅವರ ಕೆಮ್ಮರ ಕೆಮ್ಮು."

ಕಿಟಕಿಯಿಂದ ತಿರುಗಿ ನೋಡಿದೆ. ಓಣಿಯ ಮೂರನೆಯ ಮನೆಯ ಮುಂದೆ ಅವರು ಶಾಲು ಒಡ್ಡಿ ನಿಂತಿದ್ದರು. ಹಿಂದೆ ಸೆರಗು ಹೊದ್ದ ರೂತಮ್ಮ. ಬಾಗಿಲು ಇನ್ನೂ ತೆರೆದಿರಲಿಲ್ಲ. ಬಸ್ಸು ತಿರುವು ದಾಟಿತು.

"ಗಂಟಲಾ ಕಟ್ಟೇತಿ," ಎಂದೆ. ತೊಡೆಯ ಮೇಲಿನ ರೊಟ್ಟಿಯ ಗಂಟು ಇನ್ನೂ ಬಿಸಿಯಾಗಿತ್ತು.