ಮೂರು ‘ಆ’

ಗೇಷೆ ಲೊರೆಂಜನ್ ಬಾಯಿ ಜೋರಿನ ಹೆಂಗಸು. ಜರ್ಮನಿಯ ಕೀಲ್ ಬಂದರಿನಲ್ಲಿ ಮೀನು ಹೊಗೆಗೆ ಹಾಕುವ ಕಡೆ ಹನ್ನೊಂದು ವರ್ಷ ಪುಟ್ಟ ಮೀನುಗಳನ್ನು ಕಂಬಿಗೆ ಪೋಣಿಸಿದವಳು. ಗಂಡ ಹಿನ್ನರ್ಕ್ ಸಬ್‌ಮರೀನಿನಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ. ಯುದ್ಧದ ನಡುವೆ, ನಲವತ್ತನಾಲ್ಕರ ಫೆಬ್ರುವರಿಯಲ್ಲಿ ಅವನ ಹಡಗು ನಾಪತ್ತೆಯೆಂದು ಕಾಗದ ಬಂತು. ಏಪ್ರಿಲ್‌ನಲ್ಲಿ ಅವಳನ್ನು ನಮ್ಮ ಕಾರ್ಖಾನೆಗೆ ಹಾಕಿದರು. ಸಬ್‌ಮರೀನು ಎಷ್ಟು ಆಳದಲ್ಲಿದೆಯೆಂದು ತೋರಿಸುವ ಗೇಜುಗಳನ್ನು ಪರೀಕ್ಷಿಸುವುದು ನಮ್ಮ ಕೆಲಸ. ನಾನೂ ಒಂದು ಕಾಲಕ್ಕೆ ಆ ಹಡಗುಗಳಲ್ಲಿದ್ದವನೇ. ಕಿವಿತಮಟೆ ಒಡೆದ ಮೇಲೆ ದಡಕ್ಕೆ ಬಿಸಾಕಿದ್ದರು.

ಗೇಷೆ ಅಳುತ್ತಿರಲಿಲ್ಲ. ಅದೇ ನನಗೆ ಸಿಟ್ಟು ತರಿಸುತ್ತಿತ್ತು. ಹಿನ್ನರ್ಕ್ ಸತ್ತನೆಂದು ಇಡೀ ಬೀದಿಗೆ ಗೊತ್ತು. ಇವಳು ಮಾತ್ರ ಊಟದ ಬಿಡುವಿನಲ್ಲಿ ಅವನ ಕಾಲುಚೀಲ ಹೆಣೆಯುತ್ತಾ ಕೂರುತ್ತಿದ್ದಳು.

“ನಮ್ಮೆಜಮಾನ್ರು ಇಂಗ್ಲೆಂಡಲ್ಲಿ ಸೆರೆ ಇದ್ದಾರೆ ಕಣ್ರೀ,” ಎಂದಳು ಒಮ್ಮೆ, ಟರ್ನಿಪ್ ಗಡ್ಡೆಯ ಸಾರು ಕುಡಿಯುತ್ತಾ. “ಹಡಗು ಮುಳುಗಿದ್ರೂ ಉಸಿರಾಡೋ ಚೀಲ ಕಟ್ಕೊಂಡು ಆಚೆ ಬರಬಹುದಲ್ಲ. ಅವರೇನು ಅಷ್ಟೊಂದು ಆಳಕ್ಕೆ ಹೋಗ್ತಿರ್ಲಿಲ್ಲ.”

ಎಷ್ಟು ಆಳ ಎಂದು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ.

ನಮ್ಮ ಹಡಗಿನವರು ಆಳವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಶತ್ರುವಿನ ಕಿವಿಗೆ ಬೀಳಬಾರದೆಂದು ಜರ್ಮನ್ ವರ್ಣಮಾಲೆಯ ಮೊದಲ ಅಕ್ಷರದ ಲೆಕ್ಕ: ಒಂದು ‘ಆ’, ಎರಡು ‘ಆ’. ಒಂದು ‘ಆ’ ಎಷ್ಟು ಮೀಟರೆಂದು ಹೊರಗಿನವರಿಗೆ ಗೊತ್ತಿರಬಾರದು.

ಒಂದು ಬೆಳಿಗ್ಗೆ ನಾನು ಗೇಜಿಗೆ ಒತ್ತಡ ಕೊಡುವ ಪಂಪು ಒತ್ತುತ್ತಿದ್ದೆ, ಗೇಷೆ ಮುಳ್ಳು ನೋಡುತ್ತಿದ್ದಳು. ಹಳೆಯ ಅಭ್ಯಾಸ, ನಾಲಿಗೆ ಜಾರಿತು.

“‘ಆ’ ಮುಟ್ಟಿದಾಗ ಕೂಗು.”

ಎರಡು ಸಲ ಒತ್ತುವಷ್ಟರಲ್ಲಿ ಅವಳು “ಬಂತು!” ಎಂದಳು. ಮುಳ್ಳು ಹತ್ತರ ಮೇಲಿತ್ತು.

“ಹತ್ತಾ? ಇದೇನು ಸ್ನಾನದ ತೊಟ್ಟಿಯೇನಮ್ಮಾ? ‘ಆ’ ಅಂದ್ರೆ ಎಂಬತ್ತು!” ನಾನು ನಕ್ಕೆ.

ಅವಳು ನಗಲಿಲ್ಲ. “ನಮ್ಮೆಜಮಾನ್ರು ಹತ್ತು ಅಂತ ಹೇಳಿದ್ರು ನಂಗೆ.” ಮುಳ್ಳಿನ ಮೇಲಿಂದ ಕಣ್ಣು ತೆಗೆಯದೆ, “ಹೋದ ರಜೆಗೆ ಬಂದಾಗ, ಈ ಸಲ ಮೂರು ‘ಆ’ ಮುಟ್ಟಿ ಬಂದ್ವಿ ಕಣೇ ಅಂದ್ರು. ಮೂವತ್ತು ಅಂದ್ಕೊಂಡೆ.”

ಇನ್ನೂರ ನಲವತ್ತು. ಅಷ್ಟು ಕೆಳಗೆ ಉಕ್ಕು ನರಳುತ್ತದೆ. ಗಂಡಸರು ಮಾತು ನಿಲ್ಲಿಸಿ ಮೇಲೆ ನೋಡುತ್ತಾರೆ. ನಾನೂ ಹಾಗೆ ನೋಡಿದ್ದೇನೆ.

“ಅಲ್ಲಿಂದ ಚೀಲ ಕಟ್ಕೊಂಡು ಬರೋಕಾಗುತ್ತಾ?”

ಒಂದು ಸುಳ್ಳು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಹಿನ್ನರ್ಕ್ ಎಷ್ಟು ಸಲೀಸಾಗಿ ಹೇಳಿದ್ದ! ನನ್ನ ಹಾಳು ಬಾಯಿಗೆ ಅದು ಬರಲಿಲ್ಲ.

“ಇಲ್ಲ,” ಎಂದೆ.

ಅವಳು ಬಟ್ಟೆ ತೆಗೆದುಕೊಂಡು ಗೇಜಿನ ಗಾಜನ್ನು ಒರೆಸಿದಳು. ಶುಭ್ರವಾಗಿದ್ದದ್ದನ್ನೇ ಮತ್ತೆ ಒರೆಸಿದಳು.

“ಅವರು ಅಷ್ಟು ಕೆಳಗಿದ್ದಾಗ,” ಎಂದಳು, “ಮೂವತ್ತೇ ಮೀಟರ್ ಅಂದ್ಕೊಂಡು ನಾನು ಮನೇಲಿ ಗಡದ್ದಾಗಿ ನಿದ್ದೆ ಮಾಡಿಬಿಟ್ಟೆನಲ್ಲ ರೀ.”